ಹಾಸಿಗೆ ಹಿಡಿದವರಿಗೆ ಮಾತ್ರ ವಿಮೆಯೇ?

ವ್ಯಕ್ತಿಗಳು ತಮಗಾಗಿಯೂ ತಮ್ಮ ಕುಟುಂಬಕ್ಕಾಗಿಯೂ ಕೊಳ್ಳುವ ಆರೋಗ್ಯವಿಮೆಯ ಮೇಲಿದ್ದ ಶೇಕಡಾ 18ರ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. ಮಧ್ಯಮ ವರ್ಗದ ಗೃಹಸ್ಥನ ಮೇಲಿನ ಭಾರವು ಇದರಿಂದ ಕೊಂಚ ಇಳಿಯಿತೆಂಬುದರಲ್ಲಿ ಸಂದೇಹವಿಲ್ಲ. ಅಷ್ಟರ ಮಟ್ಟಿಗೆ ನಾವು ಅದನ್ನು ಸ್ವಾಗತಿಸಿದೆವು. ಆದರೆ ವಿಮೆಯ ಬೆಲೆ ಎಷ್ಟೆಂಬ ಪ್ರಶ್ನೆ ಮುಗಿದಲ್ಲಿಯೇ, ಆ ಬೆಲೆಗೆ ದೊರೆಯುವುದೇನೆಂಬ ಪ್ರಶ್ನೆ ಹುಟ್ಟುತ್ತದೆ. ಈ ಎರಡನೆಯದನ್ನು ನಮ್ಮಲ್ಲಿ ಕೇಳುವವರು ವಿರಳ. ಇಂದು ಅದನ್ನು ಒಂದೇ ಒಂದು ವ್ಯಾಧಿವರ್ಗದ ಸಂಬಂಧದಲ್ಲಿ ಕೇಳಬೇಕೆಂದಿದ್ದೇವೆ.

ಈಟಿಂಗ್ ಡಿಸಾರ್ಡರ್ ಎಂದು ವೈದ್ಯರು ಕರೆಯುವ, ಅನ್ನದ ವಿಷಯವಾಗಿ ಮನಸ್ಸು ಕೆಡುವ ರೋಗಗಳೇ ಆ ವರ್ಗ. ತಾನು ದಪ್ಪಗಾಗುವೆನೆಂಬ ಭಯದಿಂದ ಎಲುಬು ಕಾಣುವ ವರೆಗೂ ಉಪವಾಸ ಮಾಡುವುದು ಅನೋರೆಕ್ಸಿಯಾ. ಮಿತಿಮೀರಿ ತಿಂದು ಬಳಿಕ ಗುಟ್ಟಾಗಿ ವಾಂತಿ ಮಾಡಿಕೊಳ್ಳುವುದು ಬುಲಿಮಿಯಾ. ಮೊದಲನೆಯದಕ್ಕೆ ಲಂಡನ್ನಿನ ವೈದ್ಯ ವಿಲಿಯಂ ಗಲ್ ಎಂಬವನು 1873ರಲ್ಲಿಯೇ ಹೆಸರಿಟ್ಟನು. ಆದುದರಿಂದ ಇದು ನಿನ್ನೆ ಮೊನ್ನೆಯ ಷೋಕಿಯೆಂದು ತಿಳಿಯುವುದು ತಪ್ಪು. ಮನೋರೋಗಗಳಲ್ಲಿ ಪ್ರಾಣಾಪಾಯವು ಅತ್ಯಧಿಕವಾಗಿರುವವುಗಳಲ್ಲಿ ಅನೋರೆಕ್ಸಿಯಾ ಒಂದು. ಬುಲಿಮಿಯಾದ ರೋಗಿಯು ನೋಡಲು ನಮ್ಮ ನಿಮ್ಮಂತೆಯೇ ಇರಬಹುದು. ಆದರೆ ಪದೇ ಪದೇ ವಾಂತಿಯಾಗುವುದರಿಂದ ರಕ್ತದ ಪೊಟ್ಯಾಸಿಯಂ ಕುಂದಿ ಹೃದಯದ ಬಡಿತವೇ ತಪ್ಪಬಹುದು. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಗೇ ಉಣಿಸುವುದೂ ಅಪಾಯ. ಮನೋವೈದ್ಯ, ಶರೀರವೈದ್ಯ, ಪಥ್ಯಾಹಾರ ಬಲ್ಲವರು, ಮಾತಿನಿಂದ ಚಿಕಿತ್ಸೆ ನೀಡುವವರು, ಇವರೆಲ್ಲ ಕೂಡಿ ತಿಂಗಳುಗಟ್ಟಲೆ ದುಡಿದರೆ ರೋಗಿಯು ಚೇತರಿಸಿಕೊಳ್ಳಬಲ್ಲಳು. ‘ಬಲ್ಲಳು’ ಎಂದೆವು, ಹುಡುಗರಿಗೂ ಈ ರೋಗ ತಗಲುವುದುಂಟೆಂಬುದನ್ನು ಹಿರಿಯರು ಮರೆಯಬಾರದು.

ಇದರ ವೆಚ್ಚವನ್ನು ವಿಮೆ ಭರಿಸಬೇಕೇ? ಕಾಯಿದೆಯ ಉತ್ತರ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಕಲಮಿನ 4ನೆಯ ಉಪಕಲಮು, ಶರೀರದ ರೋಗಗಳಿಗೆ ಯಾವ ಆಧಾರದ ಮೇಲೆ ವಿಮೆ ದೊರೆಯುವುದೋ ಅದೇ ಆಧಾರದ ಮೇಲೆ ಮನೋರೋಗಗಳಿಗೂ ದೊರೆಯತಕ್ಕದ್ದೆಂದು ವಿಧಿಸುತ್ತದೆ. ಕಾಯಿದೆಯು 2018ರ ಮೇ 29ರಂದು ಜಾರಿಗೆ ಬಂದಿತು. ವಿಮಾ ನಿಯಂತ್ರಣ ಪ್ರಾಧಿಕಾರವು ಅದೇ ಆಗಸ್ಟಿನಲ್ಲಿ ಕಂಪನಿಗಳಿಗೆ ಸೂಚನೆ ಕಳುಹಿತು. ಆದರೂ ಹಳೆಯ ನಿಷೇಧವನ್ನೇ ಮುಂದಿಟ್ಟುಕೊಂಡು ಕ್ಲೇಮುಗಳನ್ನು ತಳ್ಳಿಹಾಕಿದ ಪ್ರಸಂಗಗಳು ನಡೆದವು. ಅಂತಹ ಒಂದರಲ್ಲಿ 2021ರ ಏಪ್ರಿಲಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು, ಕಾಯಿದೆ ಜಾರಿಯಾದ ದಿನದಿಂದಲೇ ಕಂಪನಿಗಳು ಬದ್ಧವೆಂದು ತೀರ್ಪಿತ್ತಿತು. ಅಷ್ಟಾಗಿಯೂ 2022ರ ಅಕ್ಟೋಬರಿನಲ್ಲಿ ಪ್ರಾಧಿಕಾರವು ತಿಂಗಳ ಕೊನೆಯ ಗಡುವನ್ನಿಟ್ಟು ಇನ್ನೊಮ್ಮೆ ಆಜ್ಞಾಪಿಸಬೇಕಾಯಿತು. ಪಾರ್ಲಿಮೆಂಟಿನ ಒಂದು ವಾಕ್ಯವು ಪಾಲಿಸಿಯ ಕಾಗದವನ್ನು ತಲುಪಲು ನಾಲ್ಕು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಹೀಗೆ ಬಾಗಿಲು ತೆರೆದುದು ನಿಜ. ಹೊಸ್ತಿಲು ಮಾತ್ರ ಇದ್ದಷ್ಟೇ ಎತ್ತರವಾಗಿದೆ. ಸಾಮಾನ್ಯ ಪಾಲಿಸಿಯಲ್ಲಿ ಚಿಕಿತ್ಸೆಯೆಂದರೆ ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆಗಳ ವಾಸ. ವಾರಕ್ಕೊಮ್ಮೆ ಮನೋವೈದ್ಯರನ್ನು ಕಂಡು ಮನೆಗೆ ಮರಳುವ ರೋಗಿಯು ಈ ಲೆಕ್ಕದಲ್ಲಿ ರೋಗಿಯೇ ಅಲ್ಲ. ಹೊರರೋಗಿಯ ವೆಚ್ಚ ಬೇಕಾದರೆ ಅಂತಹ ಸೌಕರ್ಯವುಳ್ಳ ಪಾಲಿಸಿಯನ್ನು ಹುಡುಕಿ ಬೇರೆ ಹಣ ತೆರಬೇಕು. ಆಸ್ಪತ್ರೆಗೆ ಸೇರಿದರೂ ತೊಡಕು ತಪ್ಪದು. ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ನಿಷೇಧಗಳಲ್ಲಿ ವಿಶ್ರಾಂತಿ ಮತ್ತು ಪುನರ್ವಸತಿಯ ಆರೈಕೆಯುಂಟು, ಕೇವಲ ಪರೀಕ್ಷೆಗಾಗಿ ದಾಖಲಾಗುವುದುಂಟು, ವೈದ್ಯರು ಬರೆದುಕೊಡದ ಪೋಷಕದ್ರವ್ಯಗಳುಂಟು. ಮೂಳೆ ಮುರಿದವನಿಗೆ ಇವು ಅಷ್ಟಾಗಿ ತಟ್ಟುವುದಿಲ್ಲ. ಆದರೆ ಅನ್ನವೇ ಔಷಧವಾಗಿರುವ, ಪುನಃ ಉಣ್ಣಲು ಕಲಿಯುವುದೇ ಗುಣಮುಖವಾಗುವುದಾಗಿರುವ ರೋಗದಲ್ಲಿ, ಚಿಕಿತ್ಸೆ ಎಲ್ಲಿ ಮುಗಿಯಿತು, ವಿಶ್ರಾಂತಿ ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವವರು ಯಾರು? ಹಣ ಕೊಡಬೇಕಾದ ಕಂಪನಿಯೇ ಎಳೆಯುತ್ತದೆ! ಮೊದಲೇ ಇದ್ದ ರೋಗವೆಂದು ನಿರ್ಣಯವಾದರೆ ಮೂರು ವರ್ಷಗಳ ವರೆಗೆ ಕಾಯಿಸುವುದಕ್ಕೂ ಅವಕಾಶವಿದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಉಣ್ಣುವುದನ್ನು ಬಿಟ್ಟ ಮಗುವಿಗೆ ಮೂರು ವರ್ಷವೆಂದರೇನೆಂಬುದನ್ನು ತಾಯಿತಂದೆಗಳೇ ಬಲ್ಲರು.

ಚಿಕಿತ್ಸೆಗೆ ಕೊನೆಯಿಲ್ಲ, ವೆಚ್ಚಕ್ಕೆ ಅಂಕೆಯಿಲ್ಲ, ಪ್ರೀಮಿಯಂ ಎಲ್ಲರಿಗೂ ಏರೀತು ಎಂಬ ಪ್ರತಿವಾದವುಂಟು. ನಾವು ಇದನ್ನು ಹಗುರಾಗಿ ಕಾಣುವುದಿಲ್ಲ. ಆದರೆ ಮೂತ್ರಪಿಂಡ ಕೆಟ್ಟವನ ಡಯಾಲಿಸಿಸಿಗೆ ಕೊನೆಯುಂಟೇ? ಅವನು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸಂಜೆಯೊಳಗೆ ಮನೆ ಸೇರುತ್ತಾನೆ. ಅವನ ಪಾಲಿಗೆ 24 ಗಂಟೆಗಳ ನಿಯಮವನ್ನು ಸಡಿಲಿಸಿ ಕಂಪನಿಗಳು ಹಣ ಕೊಡುತ್ತಿವೆ. ಶರೀರರೋಗಕ್ಕೆ ಹೀಗೆ ಸಡಿಲಾಗುವ ನಿಯಮವು ಮನೋರೋಗದ ಹಗಲುಚಿಕಿತ್ಸೆಗೆ ಸಡಿಲಾಗದಿದ್ದರೆ, ಕಾಯಿದೆಯು ಹೇಳಿದ ‘ಅದೇ ಆಧಾರ’ವು ಎಲ್ಲಿ ಉಳಿಯಿತು?

ಇದರಲ್ಲಿ ಕನ್ನಡಿಗರಿಗೆ ವಿಶೇಷವಾದೊಂದು ವ್ಯಥೆಯುಂಟು. ಮನೋರೋಗಿಯನ್ನು ದೂರದ ಆಸ್ಪತ್ರೆಯಲ್ಲಿ ಕೂಡಿಹಾಕದೆ ಅವನ ಊರಿನ ಸಮೀಪದಲ್ಲಿಯೇ ಉಪಚರಿಸಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು; ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ವೈದ್ಯಶಾಸ್ತ್ರವು ಹಾಸಿಗೆಯನ್ನು ಬಿಟ್ಟು ಹೊರಬಂದು ನಾಲ್ಕು ದಶಕಗಳಾದವು; ವಿಮಾಶಾಸ್ತ್ರವು ಇನ್ನೂ ಹಾಸಿಗೆಯನ್ನೇ ಎಣಿಸುತ್ತಿದೆ.

ಕಾಯಿದೆಯಲ್ಲಿ ಸಮಾನತೆಯನ್ನು ಬರೆದಿಟ್ಟರೆ ಸಾಲದೆಂಬುದಕ್ಕೆ ಅಮೇರಿಕೆಯ ಅನುಭವವೇ ಸಾಕ್ಷಿ. ಮಿನ್ನೆಸೋಟಾ ಸಂಸ್ಥಾನದ ಅನ್ನಾ ವೆಸ್ಟಿನ್ ಎಂಬ 21 ವರ್ಷದ ಯುವತಿಯು ಅನೋರೆಕ್ಸಿಯಾದಿಂದ ಬಳಲಿ 2000ದಲ್ಲಿ ತೀರಿಕೊಂಡಳು. ಅವಳ ಚಿಕಿತ್ಸೆಗೆ ವಿಮಾ ಸಂಸ್ಥೆಯು ಅಡ್ಡಿಮಾಡಿತೆಂಬುದು ತಾಯಿತಂದೆಗಳ ಅಳಲು. ಸಂಸ್ಥಾನದ ಅಟಾರ್ನಿ ಜನರಲ್ ದಾವೆ ಹೂಡಲು, 2001ರ ರಾಜಿಯಲ್ಲಿ, ನಿರಾಕರಿಸಿದ ಚಿಕಿತ್ಸೆಗಳನ್ನು ಸ್ವತಂತ್ರ ಮಂಡಲಿಯು ಪರಿಶೀಲಿಸುವ ಏರ್ಪಾಡಾಯಿತು. 2008ರಲ್ಲಿ ಇಡೀ ದೇಶಕ್ಕೆ ಸಮಾನತೆಯ ಕಾಯಿದೆ ಬಂದಿತು. ಅದು ಈ ವ್ಯಾಧಿಗಳ ಚಿಕಿತ್ಸೆಗೂ ಅನ್ವಯಿಸುವುದೆಂದು 2016ರಲ್ಲಿ ಮತ್ತೊಂದು ಕಾಯಿದೆಯಿಂದ ಸ್ಪಷ್ಟಪಡಿಸಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ಬಿಗಿಯಾದ ನಿಯಮಗಳು ಹೊರಟವು. 2025ರ ಮೇ ತಿಂಗಳಲ್ಲಿ ಅವುಗಳ ಹೊಸ ಭಾಗಗಳನ್ನು ಸದ್ಯಕ್ಕೆ ಜಾರಿಮಾಡುವುದಿಲ್ಲವೆಂದು ಅಲ್ಲಿನ ಸರಕಾರವೇ ಸಾರಿತು. ಒಬ್ಬ ತಾಯಿಯ ಕಣ್ಣೀರಿನಿಂದ ಮೊದಲಾದ ಈ ಹೋರಾಟವು ಕಾಲು ಶತಮಾನ ಕಳೆದರೂ ಮುಗಿದಿಲ್ಲ.

ನಮ್ಮ ಪ್ರಾಧಿಕಾರವು ಅಷ್ಟು ಕಾಲ ಕಾಯಬೇಕಾದುದಿಲ್ಲ. ಈ ವ್ಯಾಧಿಗಳ ಹಗಲುಚಿಕಿತ್ಸೆಯನ್ನು ಡಯಾಲಿಸಿಸಿನ ಸಾಲಿಗೆ ಸೇರಿಸಲು ಹೊಸ ಕಾಯಿದೆ ಬೇಡ, ಒಂದು ಸುತ್ತೋಲೆ ಸಾಕು. ಮನೋರೋಗದ ಕ್ಲೇಮನ್ನು ನಿರಾಕರಿಸುವ ಮುನ್ನ ಮನೋವೈದ್ಯರೊಬ್ಬರ ಲಿಖಿತ ಅಭಿಪ್ರಾಯವಿರಬೇಕೆಂದೂ, ತೂಕವೊಂದನ್ನೇ ನೋಡಿ ರೋಗದ ತೀವ್ರತೆಯನ್ನು ಅಳೆಯಕೂಡದೆಂದೂ ಅದರಲ್ಲಿ ಬರೆಯಬೇಕು. ಸುತ್ತೋಲೆ ಬರುವ ವರೆಗೆ, ನಿರಾಕರಣೆಯ ಪತ್ರವನ್ನು ಕೈಯಲ್ಲಿ ಹಿಡಿದು ಕುಳಿತ ಕುಟುಂಬಗಳಿಗೆ ನಾವು ಹೇಳುವುದಿಷ್ಟು: ಕಾರಣವನ್ನು ಬರಹದಲ್ಲಿ ಕೇಳಿರಿ, ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ನೋಡಿರಿ, ಬಳಿಕ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ರ ಕಚೇರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.