ಚಿಟ್ಟೆಗೆ ಹೂವಷ್ಟೇ ಸಾಲದು

ಅಂಗಳದ ತುಂಬ ಹೂ ಅರಳಿಸಿದ ಮಾತ್ರಕ್ಕೆ ಚಿಟ್ಟೆಯ ಸಂತತಿ ಉಳಿಯದು. ಹೂವಿನ ಮಕರಂದ ಹಾರುವ ಚಿಟ್ಟೆಯ ಆಹಾರ; ಅದರ ಮರಿಹುಳುವಿಗೆ ಬೇಕಾದುದು ಎಲೆ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ಕುಲವನ್ನೇ ನಂಬಿ ಬದುಕುತ್ತವೆ. ಆ ಎಲೆಯ ವಿಷವೇ ಅವುಗಳಿಗೆ ಹಕ್ಕಿಗಳಿಂದ ರಕ್ಷೆ. ಬೇಲಿ, ಬದುಗಳ ಪೊದೆಯನ್ನೆಲ್ಲ ಸವರಿದ ಊರಿನಲ್ಲಿ ಈ ಬಳ್ಳಿಗೆ ಎಡೆಯೆಲ್ಲಿ?

ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೂ ಇದೇ ಕುಲದ ಬಳ್ಳಿ ಆಸರೆ. ಅದು ಪಶ್ಚಿಮಘಟ್ಟದ ಜೀವಿ; ಕೊಪ್ಪಳ, ಗಂಗಾವತಿಗಳ ಅಂಗಳವು ಬಯಲುಸೀಮೆಯ ರೋಸ್ ಚಿಟ್ಟೆಗಳಿಗೆ ತವರಾದರೆ ಸಾಕು. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ನೆಲದಲ್ಲಿ ನೀರೆಲ್ಲಿ ಎಂಬ ಪ್ರಶ್ನೆ ಸಹಜ. ಒಂದು ಬಳ್ಳಿಗೆ ಬೇಸಿಗೆಯಲ್ಲಿ ತರಕಾರಿ ತೊಳೆದ ನೀರನ್ನು ಉಣಿಸಬಹುದು.

ಅಂದಕ್ಕೆ ಮಾರುಹೋಗಿ ದಕ್ಷಿಣ ಅಮೆರಿಕದ ಸೋದರ ಬಳ್ಳಿಯನ್ನು ನೆಡುವುದು ತರವಲ್ಲ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅಂತಹ ಬಳ್ಳಿಯ ಮೇಲೆ ಮೊಟ್ಟೆಯಿಟ್ಟು, ಎಲೆ ತಿಂದ ಮರಿಗಳು ಸಾಯುತ್ತಿವೆ. ಈಶ್ವರಿ ಬಳ್ಳಿಯನ್ನು ಮನೆಮದ್ದಾಗಿಯೂ ಬಳಸಬಾರದು. ಅದರ ಆಮ್ಲ ಮೂತ್ರಪಿಂಡಕ್ಕೆ ಮಾರಕ.

ಹುಳು ಕಂಡೊಡನೆ ಔಷಧ ಸಿಂಪಡಿಸುವ ಕೈ ಒಮ್ಮೆ ತಡೆಯಲಿ. ತೂತುಬಿದ್ದ ಎಲೆ ತೋಟದ ಸೋಲಲ್ಲ. ಚಿಟ್ಟೆ ಹುಟ್ಟುವ ಮನೆಯ ಗುರುತು.