ಮರಿ ಕೊಳ್ಳುವ ದಿನವೇ ಒಂದು ಹಾಳೆ ಬರೆದುಕೊಳ್ಳಿ

ನಾಯಿಮರಿಗೆ ಡ್ರಿಪ್ ಏರಿಸಿ ಇನ್ನೂ ಕೈ ತೊಳೆದಿರುವುದಿಲ್ಲ, ಅಷ್ಟರಲ್ಲೇ ಕೊಂಡವರ ಬೇಡಿಕೆ ಬರುತ್ತದೆ: "ಡಾಕ್ಟ್ರೇ, ಈ ಕಾಯಿಲೆ ಅವರ ಮನೆಯಿಂದಲೇ ಬಂದಿದ್ದು ಅಂತ ಒಂದು ಸರ್ಟಿಫಿಕೇಟ್ ಬರ್ಕೊಡಿ." ಸಂಜೆಯೊಳಗೆ ಮಾರಿದವರ ಫೋನ್: "ಸಾರ್, ನಮ್ಮಲ್ಲಿದ್ದಾಗ ಕುಣೀತಾ ಇತ್ತು. ವಿಡಿಯೊ ಇದೆ, ಕಳಿಸ್ಲಾ?" ಬೆಂಗಳೂರಿನಲ್ಲಿ ನಾಯಿ ಬೆಕ್ಕುಗಳಿಗೆ ಔಷಧ ಕೊಡುವ ಯಾವ ಪಶುವೈದ್ಯನಿಗೂ ಇದು ಹೊಸದಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರೆ ಕೆಲಸ ಸುಲಭವಿತ್ತು. ಎಷ್ಟೋ ಸಲ ಇಬ್ಬರೂ ತಮಗೆ ಗೊತ್ತಿದ್ದಷ್ಟನ್ನು ನಿಜವಾಗಿಯೇ ಹೇಳುತ್ತಿರುತ್ತಾರೆ. ಬರೆದಿಟ್ಟದ್ದು ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಅದಕ್ಕೇ ಈ ಮನವಿ. ಮರಿ ಕೊಳ್ಳುವವರಿಗೂ, ಮಾರುವವರಿಗೂ, ನನ್ನ ಜೊತೆಯ ವೈದ್ಯರಿಗೂ.

ಈ ಜಗಳಗಳಲ್ಲಿ ಮೊದಲ ಹೆಸರು ಪಾರ್ವೊ. ಮರಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ರಕ್ತ ಬೆರೆತ ಭೇದಿ ಶುರುವಾಗುತ್ತದೆ. ವೈರಸ್ ಹೊಟ್ಟೆ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ, ಅಪರೂಪಕ್ಕೆ ಎರಡು ವಾರ ಹಿಡಿಯುತ್ತದೆ. ಆದ್ದರಿಂದ ಮನೆಗೆ ಬಂದ ಮರುದಿನವೇ ಮಲಗಿಬಿಟ್ಟ ಮರಿ ಸೋಂಕು ಹೊತ್ತುಕೊಂಡೇ ಬಂದಿದೆ ಎಂದು ನಾನು ಧೈರ್ಯವಾಗಿ ಬರೆದುಕೊಡಬಲ್ಲೆ. ಹತ್ತನೇ ದಿನ ಮಲಗಿದ ಮರಿಯ ವಿಷಯದಲ್ಲಿ ಹಾಗೆ ಬರೆಯಲಾರೆ. ಅದು ಬ್ರೀಡರ್ ಮನೆಯಲ್ಲಿ ಹತ್ತಿರಬಹುದು, ಕರೆತಂದ ದಾರಿಯಲ್ಲಿ ಹತ್ತಿರಬಹುದು, ನಿಮ್ಮ ಚಪ್ಪಲಿಗೆ ಅಂಟಿಕೊಂಡು ನಿಮ್ಮ ಮನೆಯೊಳಕ್ಕೇ ಬಂದಿರಬಹುದು. ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ಕಾಯಿಲೆಯಾದರಂತೂ ವಾರಗಟ್ಟಲೆ ಒಳಗೇ ಕೂತಿದ್ದು, ತೀರಾ ತಡವಾಗಿ ಕಾಲು ಅದುರಿಸುವ ಮಟ್ಟಕ್ಕೆ ಬರುವುದುಂಟು. ಅಷ್ಟು ಹೊತ್ತಿಗೆ ಮಾರಿದವರು ಮರಿಯ ಹೆಸರನ್ನೇ ಮರೆತಿರುತ್ತಾರೆ.

"ಲಸಿಕೆ ಹಾಕಿಸಿದ್ದೀವಿ ಅಂದ್ರು, ಹಾಗಿದ್ದರೆ ಪಾರ್ವೊ ಹೇಗೆ ಬಂತು?" ಎನ್ನುವ ಪ್ರಶ್ನೆ ಇನ್ನೊಂದು. ಮೋಸ ಇದ್ದೇ ಇರಬೇಕೆಂದಿಲ್ಲ. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಬಂದ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಅದು ಇರುವಷ್ಟು ದಿನ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಇಳಿದು ಲಸಿಕೆಯ ಬಲ ಇನ್ನೂ ಬಾರದ ನಡುವಿನ ಕೆಲವು ದಿನ ಮರಿಗೆ ಯಾರ ಆಸರೆಯೂ ಇರುವುದಿಲ್ಲ. ಆರೆಂಟು ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಲಸಿಕೆ ಹಾಕುವುದು ಈ ಕಾರಣಕ್ಕೇ. ಒಂದು ಚುಚ್ಚುಮದ್ದಾದ ಮರಿಯನ್ನು ಪಾರ್ಕಿನಲ್ಲಿ ಬಿಡುವವರು ಇದನ್ನು ಕೇಳಿಸಿಕೊಳ್ಳಬೇಕು.

ಆದರೆ ಮೋಸವೂ ಇದೆ. ಅದು ಕಣ್ಣಿಗೆ ಬೀಳುವುದು ಲಸಿಕೆ ಪುಸ್ತಕದಲ್ಲಿ. ಈ ಪುಸ್ತಕಗಳನ್ನು ಔಷಧ ಕಂಪನಿಗಳೇ ಹಂಚುತ್ತವೆ, ಯಾರ ಕೈಗೆ ಬೇಕಾದರೂ ಸಿಗುತ್ತವೆ. ಸರಿಯಾಗಿ ತುಂಬಿದ ಪುಟದಲ್ಲಿ ಲಸಿಕೆ ಸೀಸೆಯಿಂದ ಬಿಡಿಸಿದ ಚಿಕ್ಕ ಸ್ಟಿಕ್ಕರ್ ಅಂಟಿರುತ್ತದೆ, ಅದರ ಮೇಲೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರುತ್ತವೆ. ಪಕ್ಕದಲ್ಲಿ ಹಾಕಿದ ದಿನಾಂಕ, ಮುಂದಿನ ದಿನಾಂಕ, ವೈದ್ಯರ ಸಹಿ, ಮೊಹರು, ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ. ನನ್ನ ಮೇಜಿಗೆ ಬರುವ ಎಷ್ಟೋ ಪುಸ್ತಕಗಳಲ್ಲಿ ಸ್ಟಿಕ್ಕರ್ ಒಂದು ಇರುತ್ತದೆ, ಉಳಿದ ಕಡೆ ಖಾಲಿ. ಇಲ್ಲವೇ ದಿನಾಂಕದ ಮೇಲೆ ಇನ್ನೊಂದು ದಿನಾಂಕ ತಿದ್ದಿರುತ್ತದೆ. ಅಂಗಡಿಯಿಂದ ಲಸಿಕೆ ತಂದು ಬ್ರೀಡರೇ ಚುಚ್ಚಿರುತ್ತಾರೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಸೀಸೆ ಸ್ಕೂಟರಿನ ಡಿಕ್ಕಿಯಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಬಂದಿದ್ದರೆ ಆ ಲಸಿಕೆ ಇದ್ದೂ ಇಲ್ಲದ ಹಾಗೆ. ಅವರು ಹಣ ಉಳಿಸಲು ಹಾಗೆ ಮಾಡಿದರೋ, ತಿಳಿಯದೆ ಮಾಡಿದರೋ, ಮರಿಗೆ ಎರಡೂ ಒಂದೇ.

ಮಾರಾಟದ ಮಾತುಗಳ ಬಗ್ಗೆಯೂ ಒಂದಿಷ್ಟು ಹೇಳಬೇಕು. "ಡಬಲ್ ಬೋನ್", "ಪಂಚ್ ಫೇಸ್", "ಶೋ ಕ್ವಾಲಿಟಿ" ಇವು ಬೆಲೆ ಏರಿಸುವ ಮಾತುಗಳು. ಎರಡು ಪಟ್ಟು ಮೂಳೆ ಇರುವ ನಾಯಿಯನ್ನು ಯಾವ ಎಕ್ಸ್‌ರೇಯಲ್ಲೂ ನಾನು ಕಂಡಿಲ್ಲ. ಕೆಸಿಐ ಪೇಪರ್, ಎಂದರೆ ಚೆನ್ನೈನ ಕೆನೆಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ, ಮರಿಯ ವಂಶಾವಳಿಯನ್ನು ಹೇಳುತ್ತದೆಯೇ ಹೊರತು ಅದರ ಹೃದಯ, ಸೊಂಟ, ಕರುಳು ಚೆನ್ನಾಗಿವೆ ಎಂದು ಹೇಳುವುದಿಲ್ಲ. ಪೇಪರ್ ಇದ್ದ ಮರಿಗೆ ಕಾಯಿಲೆ ಬಂದರೆ "ಡೂಪ್ಲಿಕೇಟ್ ಮರಿ ಕೊಟ್ಟರು" ಎಂದು ಕೂಗಾಡುವವರು ಇದನ್ನು ತಿಳಿದಿರಬೇಕು.

ಸರ್ಕಾರದ ನಿಯಮ ಇಲ್ಲವೇ ಎಂದರೆ, ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನಾಯಿ ತಳಿ ಬೆಳೆಸುವುದಕ್ಕೂ ಮಾರುವುದಕ್ಕೂ 2017ರಲ್ಲೇ ನಿಯಮಗಳು ಬಂದಿವೆ. ಮಾರಾಟಕ್ಕೆಂದು ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವ ನಾಯಿಗೆ ಮೈಕ್ರೊಚಿಪ್ ಇರಬೇಕು, ಲಸಿಕೆಯ ದಾಖಲೆ ಕೊಡಬೇಕು. ನಮ್ಮ ಸುತ್ತ ನಡೆಯುವುದು ಏನು? 35 ದಿನದ ಮರಿ, ಚಿಪ್ ಇಲ್ಲ, ಪೆಟ್ಟಿಗೆಯಲ್ಲಿ ಹಾಕಿ ರಾತ್ರಿ ಬಸ್ಸಿಗೆ ಏರಿಸಿ "ಬೆಳಗ್ಗೆ ಆನಂದ್ ರಾವ್ ಸರ್ಕಲ್‌ನಲ್ಲಿ ಇಳಿಸ್ಕೊಳ್ಳಿ" ಎನ್ನುವ ವ್ಯಾಪಾರ. ಕೊಳ್ಳುವವರಿಗೂ ಅಷ್ಟು ಚಿಕ್ಕ ಮರಿಯೇ ಬೇಕು, "ದೊಡ್ಡದಾದ್ರೆ ನಮಗೆ ಹೊಂದ್ಕೊಳ್ಳಲ್ಲ" ಎಂಬ ನಂಬಿಕೆ. ಇಲ್ಲಿ ತಪ್ಪು ಕೊಳ್ಳುವವರದೂ ಇದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ತಾಯಿಯನ್ನು ನೋಡದೆ, ಮರಿ ಹುಟ್ಟಿದ ಜಾಗ ನೋಡದೆ, ಫೋಟೊ ನೋಡಿ ಫೋನ್‌ಪೇ ಮಾಡಿದ ಮೇಲೆ ಬ್ರೀಡರ್ ಯಾರು, ದಲ್ಲಾಳಿ ಯಾರು ಎಂದು ಗೊತ್ತಾಗುವುದಾದರೂ ಹೇಗೆ?

ಮುಧೋಳದ ಬೇಟೆನಾಯಿಯ ಮರಿ ಬೇಕೆಂದು ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದವರೆಗೆ, ಸುತ್ತಲಿನ ಹಳ್ಳಿಗಳವರೆಗೆ ಹೋಗಿ, ತಾಯಿನಾಯಿಯ ಓಟ ನೋಡಿ, ಮನೆಯವರ ಜೊತೆ ಕೂತು ಮಾತಾಡಿ ತರುವವರನ್ನು ಕಂಡಿದ್ದೇನೆ. ಅವರು ನನ್ನ ಬಳಿ ಜಗಳ ತಂದದ್ದು ಕಡಿಮೆ.

ಇನ್ನು ಬ್ರೀಡರ್‌ಗಳ ಕಡೆಯ ಅಳಲು. ಎಲ್ಲರೂ ಕತ್ತಲ ಶೆಡ್ಡಿನಲ್ಲಿ ಹತ್ತಿಪ್ಪತ್ತು ನಾಯಿ ಕೂಡಿಹಾಕಿದವರಲ್ಲ. ಮನೆಯಲ್ಲಿ ಒಂದೇ ಹೆಣ್ಣುನಾಯಿ ಇಟ್ಟುಕೊಂಡು, ಬಾಣಂತನ ಮಾಡಿ, ರಾತ್ರಿ ಎದ್ದು ಮರಿಗಳಿಗೆ ಬಾಟಲಿ ಹಾಲು ಕುಡಿಸಿದ ಅಮ್ಮಂದಿರಿದ್ದಾರೆ. ಅವರಿಂದ ಮರಿ ತಂದವರು ಮೊದಲ ದಿನವೇ ತಣ್ಣೀರಲ್ಲಿ ಸ್ನಾನ ಮಾಡಿಸಿ, ಎಮ್ಮೆ ಹಾಲು ಕುಡಿಸಿ, ಭಾನುವಾರದ ಬಿರಿಯಾನಿಯ ಮೂಳೆ ಹಾಕಿ, ಸೋಮವಾರ "ಕಾಯಿಲೆ ಮರಿ ಕೊಟ್ಟಿದ್ದೀರಿ, ದುಡ್ಡು ವಾಪಸ್ ಕೊಡಿ" ಎಂದರೆ ಅವರಿಗೆ ಹೇಗನಿಸಬೇಕು? ಊಟ ಬದಲಾದರೆ ಮರಿಗೆ ಭೇದಿಯಾಗುತ್ತದೆ. ಅದಕ್ಕೂ ಪಾರ್ವೊಗೂ ವ್ಯತ್ಯಾಸ ತಿಳಿಯಲು ಹತ್ತು ನಿಮಿಷದ ಕಿಟ್ ಪರೀಕ್ಷೆ ಇದೆ. ಪರೀಕ್ಷೆ ಮಾಡಿಸದೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವರ ಫೋಟೊ, ನಂಬರ್ ಹಾಕಿ "ಮೋಸಗಾರರು" ಎಂದು ಬರೆಯಬೇಡಿ. ಈ ಕಿಟ್ ಕೂಡ ಲಸಿಕೆ ಹಾಕಿದ ಕೆಲವು ದಿನ ತೆಳು ಗೆರೆ ತೋರಿಸಿ ದಾರಿ ತಪ್ಪಿಸಬಹುದು. ರಕ್ತದ ಬಿಳಿಕಣಗಳ ಎಣಿಕೆಯನ್ನೂ ನೋಡಿಯೇ ನಾವು ತೀರ್ಮಾನಿಸುತ್ತೇವೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮರಿ ಪಾರ್ವೊದಿಂದ ಸತ್ತರೆ ಮರ್ಯಾದಸ್ಥ ಬ್ರೀಡರ್ ಮಾಡುವುದೇನು? "ಹೋಗಲಿ, ಇನ್ನೊಂದು ಮರಿ ತಗೊಳ್ಳಿ" ಎನ್ನುತ್ತಾರೆ. ಕೊಂಡವರೂ ಒಪ್ಪುತ್ತಾರೆ. ಮುಂದಿನ ವಾರವೇ ಎರಡನೆಯ ಮರಿ ಅದೇ ಮನೆಗೆ, ಅದೇ ಬುಟ್ಟಿಗೆ ಬರುತ್ತದೆ, ಅದೂ ಸಾಯುತ್ತದೆ. ಈಗ ಜಗಳ ಎರಡು ಪಟ್ಟು. "ಇವರ ನಾಯಿಗಳಲ್ಲೇ ರೋಗ ಇದೆ" ಎಂದು ಕೊಂಡವರು, "ನಿಮ್ಮ ಮನೆಯಲ್ಲೇ ಏನೋ ಇದೆ" ಎಂದು ಮಾರಿದವರು. ಎರಡನೆಯ ಸಾವಿನ ಮಟ್ಟಿಗೆ ಮಾರಿದವರ ಮಾತೇ ನಿಜವಿರುವ ಸಾಧ್ಯತೆ ಹೆಚ್ಚು. ಪಾರ್ವೊ ವೈರಸ್ ಮಣ್ಣಿನಲ್ಲಿ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ನೆಲವನ್ನು ಮೊದಲು ಚೆನ್ನಾಗಿ ತೊಳೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಬೇಕು. ಹಾಸಿಗೆ, ಬುಟ್ಟಿ, ಬಟ್ಟಲು ಎಸೆಯಬೇಕು. ಅಂಗಳದ ಮಣ್ಣಿಗೆ ಇದೂ ಸಾಲದು. ಬದಲಿ ಮರಿ ಕೊಡುವ ಬ್ರೀಡರ್‌ಗಳಲ್ಲಿ ನನ್ನ ಬೇಡಿಕೆ: ಈಗಲೇ ಕೊಡಬೇಡಿ. ಲಸಿಕೆಗಳೆಲ್ಲ ಮುಗಿದ ಮರಿಯನ್ನು ತಿಂಗಳುಗಳ ನಂತರ ಕೊಡುತ್ತೇನೆಂದು ಬರೆದುಕೊಡಿ, ಇಲ್ಲವೇ ಹಣ ಹಿಂದಿರುಗಿಸಿ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳ ಸೊಂಟದ ಕೀಲಿನ ತೊಂದರೆ ಬೇರೆಯೇ ಬಗೆಯದು. ಎಂಟು ತಿಂಗಳಾದ ಮೇಲೆ ಮರಿ ಹಿಂಗಾಲು ಎಳೆಯತೊಡಗುತ್ತದೆ. ಇದರಲ್ಲಿ ತಂದೆತಾಯಿಯ ರಕ್ತದ ಪಾಲೂ ಇದೆ, ಫ್ಲ್ಯಾಟಿನ ಜಾರುವ ಟೈಲ್ಸ್ ಮತ್ತು ಅತಿಯಾಗಿ ತಿನ್ನಿಸಿ ಬರಿಸಿದ ಬೊಜ್ಜಿನ ಪಾಲೂ ಇದೆ. ಯಾರದು ಎಷ್ಟು ಎಂದು ಅಳೆದು ಹೇಳುವ ಯಂತ್ರ ನನ್ನ ಬಳಿ ಇಲ್ಲ. ತಂದೆತಾಯಿಯ ಸೊಂಟದ ಎಕ್ಸ್‌ರೇ ತೋರಿಸಿ ಎಂದು ಕೊಳ್ಳುವಾಗಲೇ ಕೇಳಬೇಕು. ಕೇಳಿದವರು ಕಡಿಮೆ, ತೋರಿಸಿದವರು ಇನ್ನೂ ಕಡಿಮೆ.

ಮಾತಿನಲ್ಲಿ ಬಗೆಹರಿಯದಿದ್ದರೆ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕು ಎಂದರೆ ಎಲ್ಲ ಬಗೆಯ ಚರಾಸ್ತಿ. ನಾಯಿಯನ್ನು ಸರಕು ಎನ್ನಲು ನನಗೆ ಮನಸ್ಸಿಲ್ಲ, ಆದರೆ ಈ ಬಾಗಿಲು ತೆರೆಯುವುದು ಆ ಅರ್ಥದಿಂದಲೇ. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದೇ ಕಾಯ್ದೆ ಹೇಳುತ್ತದೆ. ಮರಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾರಿ ಕೇಳಬಹುದು. ಪ್ರಾಣಿ ಹಿಂಸೆ ಕಾಯ್ದೆಯ ದಂಡ ನಂಬಿ ಕೂರಬೇಡಿ, ಅದರ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಂದಿನ ಕಾಲದಲ್ಲಿ ಅದರಿಂದ ಎರಡು ಕಾಫಿಯೂ ಬರುವುದಿಲ್ಲ. ಆಯೋಗವೂ ಪುರಾವೆ ಕೇಳುತ್ತದೆ. ಮರಿ ಸತ್ತರೆ ದುಃಖದಲ್ಲಿ ತಕ್ಷಣ ಹೂಳಬೇಡಿ. ಐಸ್ ಇಟ್ಟು ತಂಪಾಗಿರಿಸಿ, ಫ್ರೀಜರಿನಲ್ಲಿ ಗಟ್ಟಿ ಮಾಡದೆ, ಆದಷ್ಟು ಬೇಗ ಮರಣೋತ್ತರ ಪರೀಕ್ಷೆ ಮಾಡಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿಚಾರಿಸಿ. ಆ ವರದಿ ಇಲ್ಲದಿದ್ದರೆ ಉಳಿಯುವುದು ನಿಮ್ಮ ಮಾತು, ಅವರ ಮಾತು.

ಇಷ್ಟೆಲ್ಲಕ್ಕೂ ಮೊದಲು ಒಂದು ಹಾಳೆ ಸಾಕು ಎನ್ನುವುದು ನನ್ನ ಮನವಿಯ ತಿರುಳು. ವಕೀಲರು ಬೇಕಿಲ್ಲ. ಮರಿ ಹುಟ್ಟಿದ ದಿನ, ಚಿಪ್ ಸಂಖ್ಯೆ, ಕೊಟ್ಟ ಜಂತುಹುಳು ಔಷಧ, ಹಾಕಿದ ಲಸಿಕೆ, ಈವರೆಗೆ ತಿನ್ನುತ್ತಿದ್ದ ಆಹಾರ, ಕೊಟ್ಟ ಹಣ ಬರೆಯಿರಿ. 72 ಗಂಟೆಯೊಳಗೆ ಕೊಂಡವರು ವೈದ್ಯರಿಗೆ ತೋರಿಸುತ್ತಾರೆ ಎಂದು ಬರೆಯಿರಿ. ಎರಡು ವಾರದೊಳಗೆ ಪಾರ್ವೊ ಅಥವಾ ಡಿಸ್ಟೆಂಪರ್ ಎಂದು ಪರೀಕ್ಷೆಯಿಂದ ಸಾಬೀತಾದರೆ ಚಿಕಿತ್ಸೆಯ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಅಂದೇ ಚೌಕಾಸಿ ಮಾಡಿ ನಿಗದಿ ಮಾಡಿ. ಡ್ರಿಪ್ಪಿನ ಖರ್ಚು ಮರಿಯ ಬೆಲೆಯನ್ನೇ ಮೀರಿಸುವುದುಂಟು. ಮರಿ ಮೇಜಿನ ಮೇಲೆ ಮಲಗಿರುವಾಗ ಆ ಚೌಕಾಸಿ ಬೇಡ. ಪಾರ್ವೊದಲ್ಲಿ ಒಂದು ರಾತ್ರಿ ತಡವಾದರೂ ಮರಿ ಕೈಬಿಟ್ಟು ಹೋಗುತ್ತದೆ, "ಅವರು ದುಡ್ಡು ಕಳಿಸಲಿ, ಆಮೇಲೆ ನೋಡೋಣ" ಎಂದು ಕಾದ ರಾತ್ರಿಗಳನ್ನು ನಾನು ನೋಡಿದ್ದೇನೆ. ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಸಹಿ ಹಾಕಲು ಹಿಂಜರಿಯುವ ಬ್ರೀಡರ್ ಬಳಿ ಮರಿ ಎಷ್ಟೇ ಮುದ್ದಾಗಿದ್ದರೂ ವಾಪಸ್ ಬನ್ನಿ.

ಸಹವೈದ್ಯರಲ್ಲಿ ಕೊನೆಯ ಮಾತು. ಮೊದಲ ತಪಾಸಣೆಗೆ ಬಂದ ಮರಿಯನ್ನು "ಚೆನ್ನಾಗಿದೆ, ಕರ್ಕೊಂಡು ಹೋಗಿ" ಎಂದು ಬೆನ್ನು ತಟ್ಟಿ ಕಳಿಸಬೇಡಿ. ತೂಕ, ಜ್ವರ, ಒಸಡಿನ ಬಣ್ಣ, ಮಲಪರೀಕ್ಷೆ, ಚಿಪ್ ಸಂಖ್ಯೆ ಬರೆದು, ಸಹಿ ಮಾಡಿ, ನೋಂದಣಿ ಸಂಖ್ಯೆ ಹಾಕಿ, ಎರಡು ಪ್ರತಿ ಕೊಡಿ, ಒಂದು ಕೊಂಡವರಿಗೆ, ಒಂದು ಮಾರಿದವರಿಗೆ. ಇದಕ್ಕೆ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ತೆಗೆದುಕೊಳ್ಳಲಿ, ಆದರೆ ಬರೆದುಕೊಡಲಿ.