ಮೊಗ್ಗಿನ ಹುಳುವೂ ಎಪ್ಪತ್ತೆರಡು ಮಣಿಗಳೂ

ಕೋಲ್ಕತ್ತಾದಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳ ತಾರಸಿಯ ಕುಂಡಗಳಿಗೆ ಹುಳು ಬಿದ್ದಾಗ ವಿಚಿತ್ರವಾದ ಧರ್ಮನಿಷ್ಠೆಯೊಂದು ಪ್ರಕಟವಾಗುತ್ತದೆ. ಥ್ರಿಪ್ಸ್ ತಗುಲಿದ ಗುಲಾಬಿಯ ಮೊಗ್ಗು ಅಂಚು ಕಂದಿ, ಅರಳದೆ ಮುರುಟುತ್ತದೆ. ಬಂಗಾಳಿಗಳು ಜಬಾ ಎನ್ನುವ ದಾಸವಾಳದ ಮೊಗ್ಗಿನ ತೊಟ್ಟಿಗೆ ಹಿಟ್ಟು ತಿಗಣೆ ಬಿಳಿಯ ಪುಡಿಯಂತೆ ಅಂಟಿಕೊಳ್ಳುತ್ತದೆ. ತ್ರಸಜೀವಿಯ ವಧೆ ಶ್ರಾವಕನಿಗೆ ಸಲ್ಲದಾದ್ದರಿಂದ ಮನೆಯವರು ಮುಟ್ಟುವುದಿಲ್ಲ. ಮಾಲಿಯನ್ನು ಕರೆಸುತ್ತಾರೆ, ಔಷಧಿಗೆ ಹಣ ಕೊಡುತ್ತಾರೆ, ಅವನು ಸಿಂಪಡಿಸಿ ಮುಗಿಸುವವರೆಗೆ ಬಾಗಿಲು ಮುಚ್ಚಿ ಒಳಗಿರುತ್ತಾರೆ. ಕೀಟ ಸಾಯುತ್ತದೆ, ವ್ರತ ಉಳಿಯುತ್ತದೆ!

ಈ ಉಪಾಯವನ್ನು ಆಚಾರ್ಯರು ಎಂದೋ ಬಲ್ಲವರಾಗಿದ್ದರು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ ಎಣಿಸುತ್ತದೆ. ಮೊತ್ತ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಹೇಳುವ ಕಾರಣಗಳಲ್ಲಿ ಇದೂ ಒಂದು. ಅವುಗಳಲ್ಲಿ ತಾನೇ ಮಾಡಿದ್ದರ ಪಾಲು 36 ಮಾತ್ರ. ಮಾಡಿಸಿದ್ದು ಮತ್ತು ಒಪ್ಪಿದ್ದು ಉಳಿದ 72. ಡಬ್ಬಿಯನ್ನು ಮಾಲಿಯ ಕೈಗಿತ್ತವನು ಒಂದು ಮಣಿಯಿಂದ ಇನ್ನೊಂದಕ್ಕೆ ಸರಿದನೇ ಹೊರತು ಮಾಲೆಯಿಂದ ಹೊರಬೀಳಲಿಲ್ಲ.

ತಾರಸಿಯ ಮಾತು ಸಣ್ಣದು. ಹೌರಾ ಸೇತುವೆಯ ಬುಡದಲ್ಲಿರುವ ಮಲ್ಲಿಕ್ ಘಾಟ್ ಹೂಪೇಟೆಗೆ ಪಾಂಶ್‌ಕುಡಾ, ಕೋಲಾಘಾಟ್, ರಾಣಾಘಾಟ್‌ಗಳ ಕಡೆಯಿಂದ ಬೆಳಗಿನ ಜಾವಕ್ಕೇ ಬುಟ್ಟಿಗಳು ಬಂದು ಇಳಿಯುತ್ತವೆ. ದೇವಪೂಜೆಗೆ ಕೊಳ್ಳುವವನು ಕಲೆಯಿಲ್ಲದ, ಹುಳು ಮುಟ್ಟದ ಹೂವನ್ನೇ ಕೇಳುತ್ತಾನೆ. ಸುಗಂಧರಾಜದ ಮೊಗ್ಗನ್ನೂ ಚೆಂಡುಹೂವಿನ ಮೊಗ್ಗನ್ನೂ ಕೊರೆಯುವ ಹೆಲಿಕೋವರ್ಪಾ ಮರಿಹುಳು ಒಳಗೆ ಸೇರಿಬಿಟ್ಟರೆ ಮೇಲೆ ಸುರಿದ ವಿಷ ಸುಲಭವಾಗಿ ತಾಕುವುದಿಲ್ಲ. ರೈತ ಮತ್ತೆ ಮತ್ತೆ ಸಿಂಪಡಿಸುತ್ತಾನೆ, ಹುಳು ವಿಷಕ್ಕೆ ಒಗ್ಗಿಕೊಳ್ಳುತ್ತದೆ, ಜೇನುಹುಳು ಸಾಯುತ್ತದೆ. ಬಾಯಿಗೆ ಗಮ್ಛಾ ಒಂದನ್ನೇ ಕಟ್ಟಿಕೊಂಡು ಬೆನ್ನಮೇಲೆ ಡಬ್ಬಿ ಹೊತ್ತ ಕೂಲಿಯವನು ಪಂಚೇಂದ್ರಿಯ ಜೀವಿಯೆಂಬುದನ್ನು ಯಾವ ಪೂಜಾ ಸಮಿತಿಯೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಕೃಷಿಕನದು ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಅದು ಅನಿವಾರ್ಯ ಎಂಬ ಸಮಾಧಾನ ಸಿದ್ಧವಾಗಿಯೇ ಇದೆ. ಆ ವಿನಾಯಿತಿ ಹೊಟ್ಟೆಪಾಡಿಗಾಗಿ ಉಳುವವನದು. ಅಲಂಕಾರಕ್ಕಾಗಿ ಕೊಳ್ಳುವವನು ಅದನ್ನು ಕಡ ಪಡೆಯಲಾಗದು. ತೇರಾಪಂಥಿ ದಿಗಂಬರರು ಹೂವನ್ನೇ ಬಿಟ್ಟು ಕೇಸರಿಯ ಬಣ್ಣದ ಅಕ್ಕಿಯಿಂದ ಅರ್ಚಿಸುತ್ತಾರೆ. ಕರ್ನಾಟಕದ ಬೀಸಪಂಥಿ ಪರಂಪರೆ ಪುಷ್ಪಾರ್ಚನೆಯನ್ನು ಉಳಿಸಿಕೊಂಡಿದೆ. ಉಳಿಸಿಕೊಳ್ಳಲಿ, ಆದರೆ ಹೊಣೆಯೊಡನೆ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳಲ್ಲಿ ವಿಷವಾಣಿಜ್ಯವೂ ಒಂದು. ಹೇಮಚಂದ್ರರ ಯೋಗಶಾಸ್ತ್ರದಲ್ಲಿ ಆ ಪಟ್ಟಿಯಿದೆ. ದಾನ ಸ್ವೀಕರಿಸುವ ದಿನ ಅದನ್ನು ತೆರೆದು ನೋಡುವವರು ವಿರಳ.

ಹೂವನ್ನು ಉಳಿಸಲೆಂದು ಸುರಿದ ವಿಷ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕನ್ನಡಿಗರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಗೋಡಂಬಿಯ ಚಿಗುರನ್ನೂ ಹೂಗೊಂಚಲನ್ನೂ ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲಲು ಕಾಸರಗೋಡಿನ ಸರ್ಕಾರಿ ನೆಡುತೋಪುಗಳಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆಯಂತಹ ಕನ್ನಡದ ಊರುಗಳ ಮಕ್ಕಳು ಅದರ ಫಲ ಉಂಡರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ 13ರಂದು. 2015ರ ಆಗಸ್ಟಿನಲ್ಲಿ ಸಲ್ಲೇಖನದ ವಿರುದ್ಧ ರಾಜಸ್ಥಾನ ಹೈಕೋರ್ಟಿನ ತೀರ್ಪು ಹೊರಬಿದ್ದಾಗ ಜೈನ ಸಮಾಜ ದೇಶದ ಊರೂರುಗಳಲ್ಲಿ ಮೌನ ಮೆರವಣಿಗೆ ನಡೆಸಿತು. ತಿಂಗಳು ಮುಗಿಯುವುದರೊಳಗೆ ತಡೆಯಾಜ್ಞೆ ದೊರೆಯಿತು. ದನಿಯಿಲ್ಲದ ಸಮಾಜ ಇದಲ್ಲ. 1968ರ ಕೀಟನಾಶಕ ಕಾಯಿದೆಗೆ ಬದಲಾಗಿ 2020ರಲ್ಲಿ ರಾಜ್ಯಸಭೆಗೆ ಮಸೂದೆ ಬಂದಾಗ ಅಹಿಂಸೆಯ ವಾರಸುದಾರರ ಇಂತಹ ಮೆರವಣಿಗೆ ಎಲ್ಲಿತ್ತು?

ಪೂರ್ಣ ಅಹಿಂಸೆಯ ತೋಟವಿಲ್ಲ. ಬೇವಿನೆಣ್ಣೆಯೂ ಕೊಲ್ಲುತ್ತದೆ, ಹಿಟ್ಟು ತಿಗಣೆಯನ್ನು ತಿನ್ನಲು ಗುಲಗಂಜಿ ಹುಳುವನ್ನು ತಂದು ಬಿಡುವುದೂ ಕಾರಿತವೇ. ಆದರೆ ಯತ್ನಾಚಾರಕ್ಕೆ ಎಡೆಯುಂಟು. ತಿಗಣೆಯ ಸಿಹಿದ್ರವಕ್ಕಾಗಿ ಅದನ್ನು ಕಾಯುವ ಇರುವೆಗಳು ಗಿಡ ಏರದಂತೆ ಕುಂಡದ ಕಾಲಿಗೆ ನೀರಿನ ತಟ್ಟೆ ಇಡಬಹುದು. ರೋಗದ ಮೊದಲ ಗುರುತು ಕಂಡೊಡನೆ ಆ ರೆಂಬೆಯನ್ನು ಕತ್ತರಿಸಬಹುದು. ಗೊಬ್ಬರ ಅತಿಯಾಗಿ ಹಾಕಿ ಕೀಟಕ್ಕೆ ಪ್ರಿಯವಾದ ಎಳೆ ಚಿಗುರನ್ನು ಬೆಳೆಸದಿರಬಹುದು. ಕೆಲವು ಮೊಗ್ಗುಗಳನ್ನು ಹುಳುವಿಗೇ ಬಿಡಬಹುದು. ಕೊರೆದ ದಳದ ಹೂವನ್ನು ಜಿನಬಿಂಬ ಬೇಡವೆನ್ನದು.

ಪೇಟೆಯ ಹೂವಿಗೆ ಬೇಕಾದದ್ದು ಹಣ. ವಿಷವಿಲ್ಲದೆ ಬೆಳೆದವನಿಗೆ ಬೆಳೆ ಕಡಿಮೆ, ಕಲೆ ಹೆಚ್ಚು. ಆ ನಷ್ಟವನ್ನು ಕೊಳ್ಳುವವರು ತುಂಬಿಕೊಡಬೇಕು. ಮೊದಲ ಕಲಶದ ಸವಾಲಿಗೆ ಲಕ್ಷಗಳು ಏರುವ ಸಮಾಜದಲ್ಲಿ ಇದಕ್ಕೆ ಹಣವಿಲ್ಲವೆಂದರೆ ನಂಬುವವರಿಲ್ಲ. ಕಾರ್ತಿಕ ಹುಣ್ಣಿಮೆಯ ಮೆರವಣಿಗೆಗೆ ಮುನ್ನ ಕೋಲ್ಕತ್ತಾದ ಸಮಿತಿಗಳು ನಾಲ್ಕು ಮಂದಿ ಬೆಳೆಗಾರರೊಡನೆ ಮಾತಾಡಿ, ಬೆಲೆ ಗೊತ್ತುಮಾಡಿ, ಸಾಲದಿದ್ದರೆ ಹೂವಿನ ಬುಟ್ಟಿಗಳನ್ನು ಅರ್ಧಕ್ಕೆ ಇಳಿಸಲಿ.